ಟವರ್ ಇಲ್ಲದಿದ್ದರೂ ಈ ಆ್ಯಪ್‌ನಿಂದ ಎಲ್ಲಿಗೆ ಬೇಕಾದರೂ ಮೆಸೇಜ್ ಹೋಗುತ್ತದೆಯೇ?

“ಇಂಟರ್ನೆಟ್ ಬೇಡ, ಟವರ್ ಬೇಡ. ಈ ಆ್ಯಪ್ ಇದ್ದರೆ ಪ್ರವಾಹದಲ್ಲೂ ಎಲ್ಲಿಗಾದರೂ ಮೆಸೇಜ್ ಕಳಿಸಬಹುದು.” ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ನಾವು ಹೇಳುವುದಿಷ್ಟೇ: ಇದು ಅರ್ಧ ಸತ್ಯ.

ನಿಜ ಏನು?
ಈ ಆ್ಯಪ್‌ಗಳಲ್ಲಿ ಮೆಸೇಜ್ ಬ್ಲೂಟೂತ್ ಮೂಲಕ ಫೋನಿನಿಂದ ಫೋನಿಗೆ ದಾಟುತ್ತಾ ಹೋಗುತ್ತದೆ. 2014ರ ಹಾಂಗ್‌ಕಾಂಗ್ ಪ್ರತಿಭಟನೆಯಲ್ಲಿ ಫೈರ್‌ಚಾಟ್ ಆ್ಯಪ್ ಹೀಗೆಯೇ ಬಳಕೆಯಾಯಿತು. ಆದರೆ ಅಲ್ಲಿ ಬೀದಿ ತುಂಬ ಜನರಿದ್ದರು.

ತೊಡಕು ಎಲ್ಲಿ?
ಫೋನಿನ ಬ್ಲೂಟೂತ್ ಹೆಚ್ಚು ದೂರ ಹೋಗುವುದಿಲ್ಲ. ನಡುವಿನ ಒಬ್ಬರು ಎದ್ದು ಹೋದರೂ ಕೊಂಡಿ ಕಳಚಬಹುದು. ಅಕ್ಕಪಕ್ಕದ ಫೋನುಗಳು ಒಂದೇ ತರಂಗಾಂತರವನ್ನು ಹಂಚಿಕೊಳ್ಳುವುದರಿಂದ, ದಾಟಬೇಕಾದ ಫೋನುಗಳು ಹೆಚ್ಚಿದಷ್ಟೂ ವೇಗ ಕುಸಿಯುತ್ತದೆ. ಹೀಗಾಗಿಯೇ ಇಂಥ ಜಾಲ ರೂಪಿಸುವವರು ತುರ್ತು ಸಂದೇಶಕ್ಕೆ ಮೊದಲ ಸರದಿ ಕೊಡುವುದು, ಬ್ಯಾಟರಿ ಹೆಚ್ಚಿರುವ ಫೋನಿನ ಮೂಲಕ ದಾರಿ ಹುಡುಕುವುದು ಮುಂತಾದ ಉಪಾಯ ಮಾಡುತ್ತಾರೆ. ಆದರೂ ತಲುಪುವ ಖಾತರಿ ಇಲ್ಲ.

ಏನು ಮಾಡಬೇಕು?
ಆ್ಯಪ್ ಬೇಕೆಂದರೆ ಮೊದಲೇ ಹಾಕಿಕೊಳ್ಳಿ, ಅಕ್ಕಪಕ್ಕದ ಮನೆಯವರ ಫೋನಿನಲ್ಲೂ ಇರಲಿ. ಅಪಾಯದಲ್ಲಿ ವಿಡಿಯೊ ಕಳಿಸಬೇಡಿ. ಎಲ್ಲಿದ್ದೀರಿ, ಎಷ್ಟು ಜನರಿದ್ದೀರಿ ಎಂಬ ಎರಡು ಸಾಲು ಸಾಕು. ಉತ್ತರ ಬರುವ ತನಕ ಮೆಸೇಜ್ ತಲುಪಿತೆಂದು ನಂಬಿ ಕೂರಬೇಡಿ. 112ಕ್ಕೂ ಪ್ರಯತ್ನಿಸುತ್ತಿರಿ, ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ ಕರೆ ಹೋಗಬಹುದು.