ಒತ್ತಡ: ಉಸಿರಿನಲ್ಲಿ, ನುಡಿಯಲ್ಲಿ, ನೆತ್ತರಿನಲ್ಲಿ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ನಡೆದ ಆರೋಗ್ಯ ತಪಾಸಣೆಯ ಶಿಬಿರದಲ್ಲಿ, ಸಾಲು ಬೆಳೆಯಲೆಂಬ ಒಂದೇ ಉದ್ದೇಶದಿಂದ ನಾನೂ ತೋಳು ಚಾಚಿ ಕುಳಿತೆ. ಯಂತ್ರವು 158/96 ಎಂದು ತೋರಿಸಿತು. ತಲೆನೋವಿರಲಿಲ್ಲ, ತಲೆಸುತ್ತಿರಲಿಲ್ಲ, ಯಾವ ಬಾಧೆಯೂ ಇರಲಿಲ್ಲ. ಹಿಂದೆ ನಿಂತಿದ್ದ ಐಚ್ಛಿಕ ಕನ್ನಡದ ವಿದ್ಯಾರ್ಥಿನಿಯೊಬ್ಬಳು, "ಸರ್, 158 ಅಂದರೆ ಏನು 158?" ಎಂದು ಕೇಳಿದಳು. 'ರಕ್ತದ' ಮತ್ತು 'ಒತ್ತಡ' ಎಂಬ ಪದಗಳು ಕೂಡುವಾಗ ಲೋಪಸಂಧಿಯಾಗಿದೆ ಎಂದು ಥಟ್ಟನೆ ಹೇಳಬಲ್ಲವನಾಗಿದ್ದ ನನಗೆ, ಆ ಅಂಕಿ ಯಾವುದರ ಅಳತೆ ಎಂಬುದನ್ನು ಹೇಳಲಾಗಲಿಲ್ಲ. ಈ ಬರಹವು ಅವಳಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಪದದಿಂದಲೇ ತೊಡಗೋಣ. ಆಡುಮಾತಿನಲ್ಲಿ ಬಲ, ಭಾರ, ಒತ್ತಡ ಎಂಬ ಮೂರನ್ನೂ ನಾವು ಒಂದರ ಬದಲಿಗೆ ಇನ್ನೊಂದನ್ನಿಟ್ಟು ಬಳಸುತ್ತೇವೆ. ಮಳೆಗಾಲದ ವಾರ್ತೆಯಲ್ಲಿ 'ವಾಯುಭಾರ ಕುಸಿತ' ಎಂದು ಓದುವವರು ಹೇಳುವುದು ವಾಯುವಿನ ಒತ್ತಡದ ವಿಷಯವನ್ನೇ. ಭೌತಶಾಸ್ತ್ರವು ಮಾತ್ರ ಇಲ್ಲಿ ಕಟ್ಟುನಿಟ್ಟು. ಬಲವು ಎಷ್ಟು ವಿಸ್ತಾರದ ಮೇಲೆ ಹರಡಿಕೊಂಡಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಾಗಲಷ್ಟೇ ಅದು ಒತ್ತಡ. ತುಂಬಿದ ಕೊಡವನ್ನು ಹೊರುವವಳು ತಲೆಯ ಮೇಲೆ ಸಿಂಬಿಯನ್ನಿಟ್ಟುಕೊಳ್ಳುವುದರಿಂದ ಕೊಡದ ಭಾರ ಒಂದು ತೊಲೆಯಷ್ಟೂ ಇಳಿಯದು. ಆದರೆ ಆ ಭಾರ ಅಗಲವಾಗಿ ಹರಡಿ, ನೆತ್ತಿಯ ಒಂದೇ ತಾಣವನ್ನು ಚುಚ್ಚುವುದು ತಪ್ಪುತ್ತದೆ. ಮೆಟ್ಟುಕತ್ತಿಯ ಅಲಗಿನಲ್ಲಿ ನಡೆಯುವುದು ಇದರ ವಿಲೋಮ.

ಗಾಳಿಗೂ ಒತ್ತಡವುಂಟೆಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದವನು ಇಟಲಿಯ ತೊರಿಚೆಲ್ಲಿ. 1640ರ ದಶಕದಲ್ಲಿ ಆತ ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಾದರಸದ ಬಟ್ಟಲಿನಲ್ಲಿ ಅದನ್ನು ಬೋರಲು ನಿಲ್ಲಿಸಿದ. ಪಾದರಸ ಪೂರ್ತಿಯಾಗಿ ಇಳಿಯದೆ ಸುಮಾರು 76 ಸೆಂಟಿಮೀಟರಿನಲ್ಲಿ ನಿಂತಿತು. ಬಟ್ಟಲಿನ ಮೇಲ್ಮೈಯನ್ನು ಹೊರಗಿನ ವಾಯು ಒತ್ತುತ್ತಿರುವುದೇ ಇದಕ್ಕೆ ಕಾರಣವೆಂದಾದರೆ, ಎತ್ತರಕ್ಕೆ ಹೋದಷ್ಟೂ ಪಾದರಸ ತಗ್ಗಬೇಕಲ್ಲವೆ? 1648ರ ಸೆಪ್ಟೆಂಬರ್ 19ರಂದು ಪ್ಯಾಸ್ಕಲನ ಭಾವ ಪೆರಿಯೆ ಫ್ರಾನ್ಸಿನ ಪುಯ್ ದ ದೋಮ್ ಬೆಟ್ಟವನ್ನು ಕೊಳವೆಯೊಡನೆ ಏರಿದ. ಶಿಖರದಲ್ಲಿ ಪಾದರಸ ಸುಮಾರು 8 ಸೆಂಟಿಮೀಟರಿನಷ್ಟು ಕೆಳಗೆ ನಿಂತಿತ್ತು. ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಇಂದು ಪ್ಯಾಸ್ಕಲನ ಹೆಸರಿದೆ. ಬೆಟ್ಟ ಹತ್ತಿದವನ ಹೆಸರನ್ನು ಸ್ಮರಿಸುವವರು ವಿರಳ.

ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರನ್ನೂ ವಾಯು ಸುಮಾರು ಒಂದು ಕಿಲೋಗ್ರಾಮಿನ ಭಾರದಷ್ಟು ಬಲದಿಂದ ಒತ್ತುತ್ತಿದ್ದರೂ ನಾವು ಜಜ್ಜಿಹೋಗುವುದಿಲ್ಲ; ಏಕೆಂದರೆ ಒಳಗಿನ ದ್ರವಗಳೂ ಗಾಳಿಯೂ ಅಷ್ಟೇ ಒತ್ತಡದಿಂದ ಮಾರೊತ್ತುತ್ತಿವೆ. ದೇಹ ಗಮನಿಸುವುದು ಒತ್ತಡವನ್ನಲ್ಲ, ಒತ್ತಡದ ವ್ಯತ್ಯಾಸವನ್ನು. ಕಾಸರಗೋಡಿನ ಕಡಲ ಮಟ್ಟದಿಂದ ಹೊರಟು ಸುಮಾರು 2240 ಮೀಟರ್ ಎತ್ತರದ ಊಟಿಯನ್ನು ತಲುಪುವಾಗ ಘಟ್ಟದ ತಿರುವುಗಳಲ್ಲಿ ಕಿವಿ ಕಟ್ಟಿಕೊಳ್ಳುವುದು ಈ ಕಾರಣದಿಂದ. ಹೊರಗಿನ ಒತ್ತಡ ಇಳಿದರೂ ನಡುಗಿವಿಯೊಳಗಿನದು ಹಳೆಯ ಮಟ್ಟದಲ್ಲೇ ಉಳಿದು ತಮಟೆಯನ್ನು ಹೊರಕ್ಕೆ ತಳ್ಳುತ್ತದೆ. ಎಂಜಲು ನುಂಗಿದರೆ ಅಥವಾ ಆಕಳಿಸಿದರೆ, ಕಿವಿಯನ್ನೂ ಗಂಟಲನ್ನೂ ಕೂಡಿಸುವ ನಾಳ ತೆರೆದು ಎರಡೂ ಸಮವಾಗುತ್ತವೆ. ಅಲ್ಲಿ ನೀರು ಸುಮಾರು 93 ಡಿಗ್ರಿಯಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯ ಅನ್ನ ಬೇಯಲು ತಡವಾಗುವುದೂ ಇದೇ ಕಥೆಯ ಇನ್ನೊಂದು ಅಧ್ಯಾಯ.

ಉಸಿರಾಟವೂ ವ್ಯತ್ಯಾಸದ ಆಟವೇ. ನಾವು ಗಾಳಿಯನ್ನು 'ಎಳೆದುಕೊಳ್ಳುತ್ತೇವೆ' ಎನ್ನುತ್ತೇವಾದರೂ ಎಳೆಯುವ ಕೈಯೊಂದು ಒಳಗಿಲ್ಲ. ವಪೆ ಕೆಳಗಿಳಿದು ಎದೆಗೂಡು ಹಿಗ್ಗಿದಾಗ ಶ್ವಾಸಕೋಶದ ಗಾತ್ರ ಹೆಚ್ಚುತ್ತದೆ. ಗಾತ್ರ ಹೆಚ್ಚಿದರೆ ಒತ್ತಡ ಇಳಿಯುವುದೆಂಬುದು 1662ರಲ್ಲಿ ಬಾಯ್ಲ್ ಪ್ರಕಟಿಸಿದ ನಿಯಮ. ವಿಶ್ರಾಂತಿಯ ಉಸಿರಿನಲ್ಲಿ ಈ ಇಳಿತ ಪಾದರಸದ ಒಂದು ಮಿಲಿಮೀಟರಿನಷ್ಟು ಮಾತ್ರ. ಹೊರಗಿನ ವಾಯು ಒಳನುಗ್ಗಲು ಅಷ್ಟು ಸಾಕು.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರೋಣ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ, ಶಬ್ದವು ಅನುಕೂಲವಾದ ಗಾಳಿಯಿಂದ ನಾಭಿಯ ಬುಡದಲ್ಲಿ ಕಹಳೆಯ ತೆರನಾಗಿ ಜನಿಸುತ್ತದೆ ಎಂಬ ಅಭಿಪ್ರಾಯವನ್ನು ಹೇಳಿದ್ದಾನೆ. ದನಿ ಹುಟ್ಟುವ ಸ್ಥಾನ ಗಂಟಲಿನ ಧ್ವನಿಪೆಟ್ಟಿಗೆಯೆಂದು ಇಂದಿನ ಶರೀರವಿಜ್ಞಾನ ಹೇಳುವುದು ನಿಜ. ಆದರೂ ಆ ಹೋಲಿಕೆಯನ್ನು ಕೈಬಿಡಲು ನನಗೆ ಮನಸ್ಸಿಲ್ಲ. ಕಹಳೆಯಲ್ಲಿ ತುಟಿಗಳನ್ನು ಅದುರಿಸುವುದು ಊದುವವನ ಉಸಿರಿನ ಒತ್ತಡ. ಮಾತಿನಲ್ಲಿ ಧ್ವನಿತಂತುಗಳನ್ನು ಅದುರಿಸುವುದು ಕೆಳಗಿನಿಂದ ಬರುವ ಅದೇ ಒತ್ತಡ. ಅದನ್ನು ಹದದಲ್ಲಿಡುವ ಸ್ನಾಯುಗಳಲ್ಲಿ ಹೊಟ್ಟೆಯವೂ ಸೇರಿವೆ. ಸಾಮಾನ್ಯ ಮಾತಿಗೆ ಎಷ್ಟು ಒತ್ತಡ ಬೇಕು? ಒಂದು ಲೋಟ ನೀರಿನಲ್ಲಿ ಹೀರುಗೊಳವೆಯನ್ನು ಏಳೆಂಟು ಸೆಂಟಿಮೀಟರ್ ಮುಳುಗಿಸಿ ಊದಿ, ಗುಳ್ಳೆ ಏಳಿಸಿ ನೋಡಿ. ಹೆಚ್ಚುಕಡಮೆ ಅಷ್ಟೇ. ಯಕ್ಷಗಾನದ ಭಾಗವತರು ಏರುದನಿಯಲ್ಲಿ ಪದ ಎತ್ತಿದಾಗ ಅದು ಎಷ್ಟೋ ಪಟ್ಟು ಏರುತ್ತದೆ.

ವ್ಯಂಜನಗಳಲ್ಲಿ ಈ ಲೀಲೆ ಇನ್ನೂ ಸೊಗಸು. 'ಪ' ಎನ್ನುವ ಮುನ್ನ ತುಟಿಗಳು ಮುಚ್ಚಿ, ಬಾಯೊಳಗೆ ಒತ್ತಡ ಕೂಡಿಕೊಂಡು, ತೆರೆದೊಡನೆ ಸಿಡಿಯುತ್ತದೆ. 'ಫ'ಕಾರದಲ್ಲಿ ಸಿಡಿತದ ಬೆನ್ನಿಗೇ ಉಸಿರಿನ ಬೀಸು ಬರುತ್ತದೆ. ತುಟಿಯೆದುರು ಹಿಡಿದ ಕಾಗದದ ಚೂರು ಈ ಭೇದವನ್ನು ಕಾಣಿಸುತ್ತದೆ. ಇನ್ನೊಂದು ಪ್ರಯೋಗವನ್ನೂ ಮಾಡಬಹುದು. 'ಅಮ್ಮ' ಎಂಬಲ್ಲಿನ 'ಮ್' ಅನ್ನು ಉಸಿರಿರುವ ತನಕ ಎಳೆಯಬಹುದು. 'ಹಬ್ಬ' ಎಂಬಲ್ಲಿನ 'ಬ್' ಅನ್ನು ಎಳೆಯಲು ಯತ್ನಿಸಿ, ದನಿ ಬೇಗನೆ ಉಡುಗುತ್ತದೆ. ಮಕಾರದಲ್ಲಿ ಗಾಳಿ ಮೂಗಿನಿಂದ ಹೊರಹರಿಯುತ್ತದೆ. ಬಕಾರದಲ್ಲಿ ಅದು ಮುಚ್ಚಿದ ಬಾಯಲ್ಲಿ ಸಂಗ್ರಹವಾಗಿ, ಧ್ವನಿತಂತುಗಳ ಮೇಲೆಯೂ ಕೆಳಗೆಯೂ ಒತ್ತಡ ಸಮನಾದೊಡನೆ ಹರಿವು ನಿಲ್ಲುತ್ತದೆ, ಕಂಪನ ಅಡಗುತ್ತದೆ. ವ್ಯತ್ಯಾಸವಿಲ್ಲದಲ್ಲಿ ದನಿಯಿಲ್ಲ. ಮಲಯಾಳದ 'ಪಾಲ್', ತುಳುವಿನ 'ಪೇರ್' ಉಳಿಸಿಕೊಂಡಿರುವ ತುಟಿಯ ಬಿಗಿತವನ್ನು ನಮ್ಮ 'ಹಾಲು' ಎಂದೋ ಸಡಿಲಿಸಿಬಿಟ್ಟಿದೆ. ಹಕಾರಕ್ಕೆ ಬಾಯೊಳಗೆ ಒತ್ತಡವನ್ನು ಕಟ್ಟುವ ಕೆಲಸವಿಲ್ಲ.

ಈಗ 158ಕ್ಕೆ ಬರಬಹುದು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆಯನ್ನು ಜೋಡಿಸಿ, ರಕ್ತವು 8 ಅಡಿಗೂ ಮಿಕ್ಕಿ ಏರಿದುದನ್ನು ಕಂಡು, 1733ರಲ್ಲಿ ಪ್ರಕಟಿಸಿದ. ಕುದುರೆಗೆ ಅದು ಪ್ರಾಣಾಂತಿಕ. ಮನುಷ್ಯರ ಮೇಲೆ ನಡೆಯುವ ಮಾತಲ್ಲ. ನೀರಿಗಿಂತ 13.6 ಪಟ್ಟು ಸಾಂದ್ರವಾದ ಪಾದರಸವನ್ನು ಬಳಸಿ 1828ರಲ್ಲಿ ಪ್ವಾಸ್ಯೂಯ್ ಕೊಳವೆಯನ್ನು ಗಿಡ್ಡವಾಗಿಸಿದ. ತೋಳಿಗೆ ಸುತ್ತುವ, ಗಾಳಿ ತುಂಬುವ ಪಟ್ಟಿಯನ್ನು 1896ರಲ್ಲಿ ರಿವಾ-ರೊಚ್ಚಿ ತಂದ. ಹಾಗಾಗಿ 158 ಎಂದರೆ, ನನ್ನ ಹೃದಯ ಸಂಕುಚಿಸಿದಾಗ ರಕ್ತವು ಹೊರಗಿನ ವಾಯುವಿಗಿಂತ ಮಿಗಿಲಾಗಿ ಒತ್ತುವ ಒತ್ತಡ 158 ಮಿಲಿಮೀಟರ್ ಪಾದರಸವನ್ನು, ನೀರಾದರೆ ಎರಡು ಮೀಟರಿಗೂ ಮಿಕ್ಕ ಸ್ತಂಭವನ್ನು, ಎತ್ತಿ ನಿಲ್ಲಿಸಬಲ್ಲದು ಎಂದರ್ಥ. 96 ಎಂಬುದು ಎರಡು ಬಡಿತಗಳ ನಡುವಣ ಕನಿಷ್ಠ. ಆರೋಗ್ಯವಂತ ವಯಸ್ಕರಲ್ಲಿ ಇವು 120/80ರ ಆಸುಪಾಸಿನಲ್ಲಿರುತ್ತವೆ. 140/90 ಮತ್ತು ಅದಕ್ಕೆ ಮೇಲ್ಪಟ್ಟದ್ದು ಪದೇ ಪದೇ ಕಂಡರೆ ಅಧಿಕ ರಕ್ತದೊತ್ತಡ. ಆ ಹೆಚ್ಚಳ ನೋವು ಕೊಡುವುದಿಲ್ಲ. ಹಲವು ವರ್ಷ ಮೌನವಾಗಿದ್ದು ನಾಳಗಳ ಗೋಡೆಯನ್ನು, ಮೂತ್ರಪಿಂಡವನ್ನು, ಹೃದಯವನ್ನು, ಮಿದುಳನ್ನು ಸವೆಸುತ್ತದೆ.

ಶಿಬಿರದ ವೈದ್ಯರು ಆ ಅಂಕಿಯನ್ನು ಒಡನೆ ಒಪ್ಪಲಿಲ್ಲ. ನನ್ನ ತೋಳು ಮೇಜಿನಿಂದ ಕೆಳಗೆ ಜೋತುಬಿದ್ದಿತ್ತು. ತೋಳು ಹೃದಯದ ಮಟ್ಟದಿಂದ 10 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟು ಎತ್ತರದ ರಕ್ತಸ್ತಂಭದ ಒತ್ತಡವೂ ಕೂಡಿ, ಅಳತೆ ಏಳೆಂಟು ಮಿಲಿಮೀಟರ್ ಏರುತ್ತದೆ. ಐದು ನಿಮಿಷ ಮಾತಾಡದೆ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಆನಿಸಿ, ಈ ಸಲ ಯಂತ್ರವನ್ನು ಬಿಟ್ಟು ಕಿವಿಯಿಂದಲೇ ಅಳೆಯಹೊರಟರು. ರಷ್ಯದ ಕೊರೊಟ್ಕೊಫ್ 1905ರಲ್ಲಿ ತಿಳಿಸಿದ ಕ್ರಮವಿದು. ಪಟ್ಟಿಯ ಒತ್ತಡ ರಕ್ತದ ಗರಿಷ್ಠಕ್ಕಿಂತ ಹೆಚ್ಚಿರುವಾಗ ನಾಳ ಪೂರ್ತಿ ಮುಚ್ಚಿರುವುದರಿಂದ ಸದ್ದಿಲ್ಲ. ಗರಿಷ್ಠಕ್ಕೂ ಕನಿಷ್ಠಕ್ಕೂ ನಡುವೆ ರಕ್ತವು ಬಡಿತಕ್ಕೊಮ್ಮೆ ನುಸುಳಿ ತಟ್ಟುತ್ತದೆ. ಕನಿಷ್ಠಕ್ಕಿಂತ ಇಳಿದಾಗ ನಾಳ ತೆರೆದೇ ಇದ್ದು ಮತ್ತೆ ನಿಶ್ಶಬ್ದ. ವೈದ್ಯರು ತಮ್ಮ ಕೊಳವೆಯನ್ನು ಪ್ರಶ್ನೆ ಕೇಳಿದ್ದ ಆ ವಿದ್ಯಾರ್ಥಿನಿಯ ಕಿವಿಗಿಟ್ಟು ಗಾಳಿಯನ್ನು ಮೆಲ್ಲನೆ ಬಿಟ್ಟರು. ಅವಳು 146ಕ್ಕೆ ಕೈಯೆತ್ತಿದಳು, 92ಕ್ಕೆ ಇಳಿಸಿದಳು. ಮಾತ್ರೆ ಬರೆದುಕೊಟ್ಟದ್ದು ಮುಂದಿನ ಎರಡು ವಾರಗಳಲ್ಲಿ ಇನ್ನೂ ಮೂರು ಸಲ ಅಳೆದ ಮೇಲೆ.