ಬೆಟ್ಟದ ಶಾಲೆಗೂ ಎರೆ ಹೊಲಕ್ಕೂ ಇರುವ ನಂಟು



ಬೀಜಕ್ಕೆಂದು ತೆಗೆದಿಟ್ಟ ಜೋಳವನ್ನು ಒಕ್ಕಲುತನ ಬಲ್ಲವನು ಎಂಥ ಬರಗಾಲದಲ್ಲೂ ಬೀಸಲು ಹಾಕುವುದಿಲ್ಲ. ಹಿಟ್ಟು ತೀರಿದರೆ ನೆರೆಮನೆಯಿಂದ ಕಡ ತರುತ್ತಾನೆ, ಕೂಲಿಗೆ ಹೋಗುತ್ತಾನೆ, ಬೀಜದ ಗಡಿಗೆಗೆ ಮಾತ್ರ ಕೈ ಹಾಕುವುದಿಲ್ಲ. ಬೀಜ ಹೋದರೆ ಮುಂದಿನ ವರ್ಷವೇ ಹೋಯಿತು ಎಂಬುದು ಅವನಿಗೆ ಗೊತ್ತು. ಶಾಲೆಗೆ ಹೋಗುವ ಮಗುವಿನ ವಿಷಯದಲ್ಲಿ ಈ ಎಚ್ಚರ ನಮಗೆ ಇದೆಯೇ?

ಮಳೆ ಕೈಕೊಟ್ಟ ವರ್ಷ ಮಸ್ಕಿ, ಲಿಂಗಸುಗೂರು ಭಾಗದ ಒಣ ಬೇಸಾಯದ ಊರುಗಳಿಂದ ಎಷ್ಟೋ ಕುಟುಂಬಗಳು ಬೆಂಗಳೂರಿನ ಕಡೆಗೆ ಗುಳೆ ಹೋಗುತ್ತವೆ. ಮುದುಕರು ಮನೆ ಕಾಯಲು ಉಳಿಯುತ್ತಾರೆ. ಮಕ್ಕಳು ತಂದೆತಾಯಿಯ ಬೆನ್ನು ಹಿಡಿದು ಹೋಗುತ್ತಾರೆ. ನಾಲ್ಕೈದು ತಿಂಗಳು ಕಳೆದು ಮರಳಿದಾಗ ಹುಡುಗನಿಗೆ ತರಗತಿಯ ಪಾಠ ಸಿಗುವುದಿಲ್ಲ. ಎರಡು ವರ್ಷ ಹೀಗಾದರೆ ಅವನ ಶಾಲೆ ಅಲ್ಲಿಗೆ ಮುಗಿಯಿತು. ಬರ ಒಂದು ವರ್ಷದ್ದು, ನಷ್ಟ ಒಂದು ತಲೆಮಾರಿನದು.

ಈ ನಷ್ಟವನ್ನು ತಡೆದ ಒಂದು ಶಾಲೆಯ ಕಥೆಯನ್ನು ಈ ವಾರ ನಿಮ್ಮ ಮುಂದೆ ಇಡುತ್ತೇನೆ. ಅದು ಇರುವುದು ಸಂತೆಕಲ್ಲೂರಿನಿಂದ ಮುನ್ನೂರು ಕಿಲೋಮೀಟರಿಗೂ ಆಚೆ, ತುಮಕೂರಿನ ಬಳಿಯ ಬೆಟ್ಟದ ಮಗ್ಗುಲಲ್ಲಿ. ಅದರ ಒಲೆ ಉರಿದದ್ದು ಮಾತ್ರ ನಮ್ಮಂಥ ಒಕ್ಕಲು ಮನೆಗಳ ಕಾಳಿನಿಂದ.

ಸಿದ್ಧಗಂಗೆಯ ಬೆಟ್ಟ

ಸಿದ್ಧಗಂಗಾ ಮಠದ ಹೆಸರು ನೀವೆಲ್ಲ ಕೇಳಿದ್ದೀರಿ. ಗೋಸಲ ಸಿದ್ಧೇಶ್ವರರು ಬಂಡೆಯಿಂದ ನೀರು ಹೊಮ್ಮಿಸಿದರು, ಅದರಿಂದಲೇ ಸಿದ್ಧಗಂಗೆ ಎಂಬ ಹೆಸರು ಬಂತು ಎಂದು ಭಕ್ತರು ಹೇಳುತ್ತಾರೆ. ಅಟವೀ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಅನ್ನದಾಸೋಹ ನೆಲೆಗೊಂಡಿತು. ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಅನ್ನ ಮೊದಲು, ಅಕ್ಷರ ಆಮೇಲೆ. ಹಸಿದ ಹುಡುಗನ ತಲೆಗೆ ಪಾಠ ಹತ್ತದು ಎಂಬುದನ್ನು ಆ ಹಿರಿಯರು ಅರಿತಿದ್ದರು.

ಈ ಶಾಲೆಗೂ ಒಕ್ಕಲು ಮನೆಗೂ ಇರುವ ನಂಟಿಗೆ ದೊಡ್ಡ ಸಾಕ್ಷಿ ಡಾ. ಶಿವಕುಮಾರ ಸ್ವಾಮಿಗಳ ಬದುಕೇ. ಮಾಗಡಿ ತಾಲ್ಲೂಕಿನ ವೀರಾಪುರದ ರೈತ ಕುಟುಂಬದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದ ಶಿವಣ್ಣ ಹದಿಮೂರು ಮಕ್ಕಳಲ್ಲಿ ಕಿರಿಯ. ನಾಗವಲ್ಲಿಯಲ್ಲಿ ಓದಿ ತುಮಕೂರಿನ ಹೈಸ್ಕೂಲಿಗೆ ಬಂದಾಗ ಮಠದ ಆಶ್ರಯದಲ್ಲಿ ಉಳಿದರು. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಮಠದ ಉತ್ತರಾಧಿಕಾರಿಯಾಗಿದ್ದ ಮರುಳಾರಾಧ್ಯರು 1930ರ ಜನವರಿಯಲ್ಲಿ ಹಠಾತ್ತನೆ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದಿದ್ದ ಈ ವಿದ್ಯಾರ್ಥಿಯನ್ನೇ ಉದ್ದಾನ ಶಿವಯೋಗಿಗಳು ಆರಿಸಿಕೊಂಡರು. ಆ ವರ್ಷ ಮಾರ್ಚ್‌ನಲ್ಲಿ ದೀಕ್ಷೆಯಾಯಿತು, 1941ರಲ್ಲಿ ಮಠದ ಪೂರ್ಣ ಹೊಣೆ ಹೆಗಲಿಗೆ ಬಂತು. ತಾನು ಉಂಡ ಪಂಕ್ತಿಯನ್ನು 2019ರ ಜನವರಿ 21ರವರೆಗೆ, ತಮ್ಮ 111ನೆಯ ವಯಸ್ಸಿನವರೆಗೆ, ಅವರು ಇತರರ ಮಕ್ಕಳಿಗಾಗಿ ನಡೆಸಿದರು.

ಹೊಣೆ ಹೊತ್ತ ಆರಂಭದ ದಿನಗಳಲ್ಲಿ ಮಠದ ಭೂಮಿಯ ಉತ್ಪನ್ನ ಮಕ್ಕಳ ಊಟಕ್ಕೆ ಸಾಲುತ್ತಿರಲಿಲ್ಲ. ಸ್ವಾಮಿಗಳು ಎತ್ತಿನ ಗಾಡಿ ಕಟ್ಟಿಸಿಕೊಂಡು ಹಳ್ಳಿಹಳ್ಳಿ ತಿರುಗಿ ಕಾಳುಕಡಿ ಬೇಡಿ ತಂದರು. ರಾಗಿ ಇದ್ದವರು ರಾಗಿ ಕೊಟ್ಟರು, ಭತ್ತ ಇದ್ದವರು ಭತ್ತ, ತೆಂಗು ಇದ್ದವರು ಕಾಯಿ. ಹೀಗೆ ಬೆಳೆದ ಗುರುಕುಲದಲ್ಲಿ ಜಾತಿ ಮತಗಳ ಭೇದವಿಲ್ಲದೆ ಸುಮಾರು 10,000 ಮಕ್ಕಳು ಉಚಿತವಾಗಿ ಉಂಡು, ಉಳಿದು, ಓದುವ ಕಾಲ ಬಂತು. ಬರದ ಸೀಮೆಗಳಾದ ನಮ್ಮ ಉತ್ತರದ ಜಿಲ್ಲೆಗಳ ಮಕ್ಕಳೂ ಅವರಲ್ಲಿ ಸೇರಿದ್ದಾರೆ. ಶಿವರಾತ್ರಿಯ ಜಾತ್ರೆಯಲ್ಲಿ ದನಗಳ ಪರಿಷೆಯೂ ಕೃಷಿ ವಸ್ತುಪ್ರದರ್ಶನವೂ ಜೊತೆಯಾಗಿ ನಡೆಯುತ್ತವೆ. ಮಗನನ್ನು ಕಾಣಲು ಹೋದ ತಂದೆ ಎತ್ತಿನ ಜೋಡಿಯನ್ನೂ ಹೊಸ ಬೀಜವನ್ನೂ ನೋಡಿಕೊಂಡು ಬರಬಹುದು.

ಮೂರು ತಲೆಯ ಲೆಕ್ಕ

ಈಗ ನಮ್ಮ ಸೀಮೆಯ ಒಂದು ಒಕ್ಕಲು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹೆಸರು ಬೇಡ. ಇಂಥ ಮನೆ ನಿಮ್ಮ ಓಣಿಯಲ್ಲೂ ಇದ್ದೀತು.

ಅಜ್ಜ ಹುಟ್ಟಿದ್ದು ನಿಜಾಮರ ಆಳ್ವಿಕೆಯಲ್ಲಿ. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದ ಭಾಗ. ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ನುಡಿ. ಒಕ್ಕಲು ಮಕ್ಕಳಲ್ಲಿ ಹೆಚ್ಚಿನವರಿಗೆ ಅಕ್ಷರ ಎಟಕಲಿಲ್ಲ. 1956ರ ನವೆಂಬರ್ 1ರಂದು ಜಿಲ್ಲೆ ಕನ್ನಡ ನಾಡಿಗೆ ಸೇರಿದಾಗ ಅಜ್ಜ ಕೂರಿಗೆ ಹಿಡಿದಾಗಿತ್ತು. 1972ರ ಬರ ಬಂದಾಗ ಅವನ ಮುಂದೆ ಎರಡೇ ದಾರಿ: ಮಗನನ್ನು ಕೂಲಿಗೆ ಕರೆದೊಯ್ಯುವುದು, ಇಲ್ಲವೇ ಬೆಟ್ಟದ ಶಾಲೆಗೆ ಕಳಿಸುವುದು. ಅವನು ಎರಡನೆಯದನ್ನು ಆರಿಸಿದ ಎನ್ನೋಣ.

ಆ ಮಗ ಅಲ್ಲಿ ಹತ್ತನೆಯ ತರಗತಿ ಮುಗಿಸಿ ಊರಿಗೆ ಬಂದ. ನೌಕರಿ ಸಿಗಲೇಬೇಕೆಂದಿಲ್ಲ. ಪಹಣಿ ಓದಬಲ್ಲ, ಸೊಸೈಟಿಯ ಸಾಲದ ಕಾಗದ ತಿಳಿದು ಸಹಿ ಹಾಕಬಲ್ಲ, ಔಷಧದ ಡಬ್ಬಿಯ ಮೇಲಿನ ಪ್ರಮಾಣ ನೋಡಿ ಸಿಂಪಡಿಸಬಲ್ಲ. ನಮ್ಮ ಇಲಾಖೆಯ ಅನುಭವದಲ್ಲಿ ಹೊಸ ತಳಿ, ಬೀಜೋಪಚಾರ, ಬದು ನಿರ್ಮಾಣಗಳನ್ನು ಊರಿನಲ್ಲಿ ಮೊದಲು ಕೈಗೆತ್ತಿಕೊಳ್ಳುವವರು ಹೆಚ್ಚಾಗಿ ಇಂಥವರೇ. ಮುಂದೆ ಅವನ ಮಗನಿಗೆ ಶಾಲೆ ಬಿಡುವ ಪ್ರಶ್ನೆಯೇ ಏಳುವುದಿಲ್ಲ. ಮೊಮ್ಮಗ ಅದೇ ಬೆಟ್ಟಕ್ಕೆ ಹೋಗಲಿ, ಊರಲ್ಲೇ ಓದಲಿ, ಓದುವುದು ಆ ಮನೆಯ ರೂಢಿಯಾಗಿರುತ್ತದೆ. ಅಜ್ಜ ಬರಗಾಲದಲ್ಲಿ ಕಾಯ್ದ ಒಂದು ಕಾಳು ಮೂರನೆಯ ತಲೆಗೆ ತೆನೆಯಾಗುವುದು ಹೀಗೆ.

ಇದರ ವೆಚ್ಚ ಎಷ್ಟು? ಒಬ್ಬ ಹುಡುಗನಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಎಂದು ಹಿಡಿಯಿರಿ. ಒಂದು ಕ್ವಿಂಟಾಲು ಅವನ 200 ದಿನಗಳ ಊಟ, ಅಂದರೆ ಹೆಚ್ಚುಕಡಿಮೆ ಒಂದು ಶಾಲಾ ವರ್ಷ. ಹತ್ತು ವರ್ಷಕ್ಕೆ ಹತ್ತು ಕ್ವಿಂಟಾಲು. ಒಳ್ಳೆಯ ಹಿಂಗಾರಿಯಲ್ಲಿ ಎಕರೆಗೆ ಐದು ಕ್ವಿಂಟಾಲು ಬಿಳಿಜೋಳ ಬಂದರೆ, ಎರಡು ಎಕರೆಯ ಒಂದೇ ವರ್ಷದ ಬೆಳೆ ಒಬ್ಬ ಹುಡುಗನನ್ನು ಹತ್ತನೆಯ ತರಗತಿಯವರೆಗೆ ಉಣಿಸುತ್ತದೆ. ಇದೇ ಲೆಕ್ಕದಲ್ಲಿ 10,000 ಮಕ್ಕಳಿಗೆ ದಿನಕ್ಕೆ 50 ಕ್ವಿಂಟಾಲು ಬೇಕು. ಅಷ್ಟನ್ನು ಒಬ್ಬ ದಾನಿ ತುಂಬಲಾರ. ಸಾವಿರಾರು ಮನೆಗಳ ಒಂದೊಂದು ಚೀಲ ತುಂಬುತ್ತದೆ.

ಆದ್ದರಿಂದ ಅಲ್ಲಿ ಉಂಡು ಓದಿದವನ ಮನೆಯಿಂದ ರಾಶಿಯ ಕಾಲಕ್ಕೆ ಒಂದು ಚೀಲ ತಿರುಗಿ ಹೋಗಬೇಕಾದುದು ದಾನವಲ್ಲ, ಬೀಜದ ಕಡ ತೀರಿಸುವ ರೀತಿ. ನೆರೆಯವನಿಂದ ಬೀಜ ತಂದವರು ಸುಗ್ಗಿಯಲ್ಲಿ ಒಂದು ಸೇರು ಹೆಚ್ಚು ಅಳೆದು ಕೊಡುವುದಿಲ್ಲವೇ? ನಂಟು ತಲೆಮಾರು ದಾಟುವುದು ಹೀಗೆ ಕೊಟ್ಟು ತೆಗೆದುಕೊಳ್ಳುವುದರಿಂದ. ಬರೀ ಕೈ ಮುಗಿದರೆ ಅಲ್ಲ.

ಸಂತೆಕಲ್ಲೂರಿಗೆ ಇದು ಹೊಸದಲ್ಲ

ಮಠ, ಅಕ್ಷರ, ಒಕ್ಕಲುತನ ಈ ಮೂರನ್ನೂ ಒಂದೆಡೆ ತಂದ ಊರು ನಮ್ಮ ಸಂತೆಕಲ್ಲೂರು. ಇಲ್ಲಿನ ಘನಮಠದ ಶಿವಯೋಗಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಬೇಸಾಯದ ಗ್ರಂಥ ಬರೆದರು. ಕೃಷಿ ಇಲಾಖೆ, ಕೃಷಿ ಕಾಲೇಜು ಯಾವುದೂ ಈ ಸೀಮೆಗೆ ಕಾಲಿಡದ ದಿನಗಳಲ್ಲಿ ರೈತನಿಗಾಗಿ ಕನ್ನಡದಲ್ಲಿ ಪುಸ್ತಕ ಬರೆದವರು ಒಬ್ಬ ಯೋಗಿ. ರೈತ ಓದುತ್ತಾನೆ, ಓದಬೇಕು ಎಂಬ ನಂಬಿಕೆ ಇಲ್ಲದೆ ಯಾರೂ ರೈತನಿಗೆ ಪುಸ್ತಕ ಬರೆಯುವುದಿಲ್ಲ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ಈಗ ನಮ್ಮದು.

ನೀವು ಮಾಡಬೇಕಾದುದು

1. ಗುಳೆ ಹೋಗುವ ನಿರ್ಧಾರವಾದ ದಿನವೇ ಮುಖ್ಯೋಪಾಧ್ಯಾಯರನ್ನು ಕಾಣಿರಿ. ವಲಸೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ಶಾಲೆ ನಡೆಸುವ ವ್ಯವಸ್ಥೆ ಇದೆ. ನಿಮ್ಮ ಭಾಗದಲ್ಲಿ ಈ ವರ್ಷ ಎಲ್ಲಿ ನಡೆಯುತ್ತದೆ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯಿರಿ.

2. ಹೆಣ್ಣುಮಕ್ಕಳನ್ನು ಮರೆಯಬೇಡಿರಿ. ಗುಳೆ ಹೋದ ಮನೆಯಲ್ಲಿ ತಮ್ಮನನ್ನು ಎತ್ತಿಕೊಳ್ಳಲು ಶಾಲೆ ಬಿಡುವವಳು ಅಕ್ಕ. ಆರನೆಯ ತರಗತಿಯಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೂ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳೂ ಇವೆ.

3. ಮೊರಾರ್ಜಿ ದೇಸಾಯಿ ಮೊದಲಾದ ಸರ್ಕಾರಿ ವಸತಿ ಶಾಲೆಗಳಿಗೆ ಮಗು ಐದನೆಯ ತರಗತಿಯಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ರಾಶಿಯ ಗಡಿಬಿಡಿ ಬರುವ ಮುಂಚೆ ಮಾಡಿಸಿಡಿರಿ.

4. ದೂರದ ಮಠದ ಶಾಲೆಗೆ ಸೇರಿಸುವುದಾದರೆ ಬೇಸಿಗೆ ರಜೆಗೆ ಮುಂಚೆ ವಿಚಾರಿಸಿರಿ. ಅಲ್ಲಿ ಓದಿ ಬಂದ ಊರವರನ್ನು ಜೊತೆಗೆ ಕರೆದೊಯ್ದರೆ ಹುಡುಗನಿಗೂ ಧೈರ್ಯ.

5. ರಾಶಿ ಮುಗಿದು ಕಣದಲ್ಲಿ ಕಾಳು ಅಳೆಯುವಾಗ ಬೀಜಕ್ಕೆ, ಮನೆಗೆ, ಮಾರಾಟಕ್ಕೆ ಎಂದು ಪಾಲು ಮಾಡುತ್ತೀರಿ. ಶಾಲೆಗೆಂದು ಒಂದು ಪಾಲು ಇಡಿರಿ. ನಿಮ್ಮ ಮನೆಯವರಿಗೆ ಉಣಿಸಿದ ಶಾಲೆ ಯಾವುದೋ ಅದಕ್ಕೆ ಅದು ಸೇರಲಿ. ಅಂಥ ಶಾಲೆ ಇಲ್ಲದಿದ್ದರೆ ಊರ ಶಾಲೆಗೆ ಸೇರಲಿ.

ಸಿಂಧನೂರು ಕಡೆ ತುಂಗಭದ್ರಾ ಕಾಲುವೆಯ ನೀರು ಹೊಲಗಳ ಹಣೆಬರಹ ಬದಲಿಸಿತು. ಕಾಲುವೆ ಮುಟ್ಟದ ಎರೆ ಹೊಲದವರಿಗೆ ಮಳೆಯೇ ಗತಿ, ಅದು ನಮ್ಮ ಕೈಯಲ್ಲಿಲ್ಲ. ಮಗುವನ್ನು ಶಾಲೆಯಲ್ಲಿ ಉಳಿಸುವುದು ನಮ್ಮ ಕೈಯಲ್ಲಿದೆ. ಈ ಹಿಂಗಾರಿ ಹೇಗೇ ಬರಲಿ, ನಿಮ್ಮ ಮನೆಯ ಬೀಜದ ಗಡಿಗೆಯ ಜೊತೆಗೆ ಮಗುವಿನ ಪಾಟಿಚೀಲವೂ ಭದ್ರವಾಗಿರಲಿ.