ಹೊಸ ತೆನೆಯೂ ದೂರದವರ ಪಾಲೂ

ಸಪ್ಟೆಂಬರ್ ತಿಂಗಳ ೮ನೆಯ ದಿನವನ್ನು ಕೆಥೋಲಿಕ ಕ್ರೈಸ್ತರು ಯೇಸುಕ್ರಿಸ್ತರ ಮಾತೆ ಮರಿಯಮ್ಮನವರ ಜನ್ಮದಿನವೆಂದು ಆಚರಿಸುತ್ತಾರೆ. ಮಂಗಳೂರು, ಉಡುಪಿ ಕಡೆಗಳಲ್ಲಿ ಅದೇ ದಿನ ಹೊಸ ಬತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಯ್ಯುವ ಪದ್ಧತಿಯಿರುವುದರಿಂದ ಇದು ತೆನೆಹಬ್ಬವೂ ಹೌದು. ಕೊಂಕಣಿಯಲ್ಲಿ ಇದರ ಹೆಸರು ಮೊಂತಿ ಫೆಸ್ತ್. ಕುಂದಾಪುರದ ‘ಹೊಸ್ತು’, ತುಳುವರ ‘ಪುದ್ವಾರ್’, ಕೊಡಗಿನ ‘ಪುತ್ತರಿ’ಗಳನ್ನು ಬಲ್ಲ ನಮ್ಮ ವಾಚಕರಿಗೆ ಇದರ ಭಾವವು ಅಪರಿಚಿತವಲ್ಲ. ಹೊಸ ಅನ್ನವನ್ನುಣ್ಣುವ ಮುನ್ನ ಕೊಟ್ಟವನನ್ನು ನೆನೆಯಬೇಕೆಂಬುದು ನಮ್ಮ ನೆಲದ ಹಳೆಯ ನಡತೆ.

ಆಗಸ್ಟ್ ೩೦ರಿಂದ ಒಂಬತ್ತು ದಿನ ಮಕ್ಕಳು ತೋಟದ ಹೂಗಳನ್ನು ತಂದು ಬಾಲಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ತೆನೆಗಳ ಆಶೀರ್ವಾದವಾಗಿ, ಗದ್ದೆಯುಳ್ಳವನಿಗೂ ಇಲ್ಲದವನಿಗೂ ಅವು ಹಂಚಲ್ಪಡುತ್ತವೆ. ಮನೆಯಲ್ಲಿ ಪ್ರಾರ್ಥನೆಯಾದ ಮೇಲೆ ಹಿರಿಯರು ಕೆಲವು ಕಾಳುಗಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅನಂತರ ಬಾಳೆಯೆಲೆಯ ಮೇಲೆ ಮೀನು ಮಾಂಸಗಳಿಲ್ಲದ ಊಟ. ದೂರದೇಶದಲ್ಲಿರುವ ಮಗನಿಗೆ, ಮಗಳಿಗೆ ನಾಲ್ಕಾರು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವ ರೂಢಿಯೂ ಉಂಟು.

ನಾವು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ನಮ್ಮಲ್ಲಿದ್ದ ಒಬ್ಬ ಕ್ರೈಸ್ತ ತರುಣನಿಗೆ ಇಂಥ ಲಕೋಟೆಯೊಂದು ಬಂದಿತು. ಅದರಲ್ಲಿದ್ದುದು ಏಳು ಕಾಳು. ಆತನು ಅವನ್ನು ಉಗುರಿನಿಂದ ಸುಲಿದು, ಒಂದು ಲೋಟ ಹಾಲಿಗೆ ಹಾಕಿ, ಜತೆಯವರೆಲ್ಲರಿಗೂ ಒಂದೊಂದು ಚಮಚ ಕೊಟ್ಟನು. ದಿನವೂ ಮೂಟೆಗಟ್ಟಲೆ ಅಕ್ಕಿ ಬೇಯುವ ಆ ಅಡಿಗೆಮನೆಯಲ್ಲಿ ಭಟ್ಟರು ಮೊದಲ್ಗೊಂಡು ಲೋಟ ತೊಳೆಯುವ ಹುಡುಗನವರೆಗೆ ಎಲ್ಲರೂ ಕೈತೊಳೆದು ನಿಂತು ಅದನ್ನು ಸ್ವೀಕರಿಸಿದರು. ಏಳು ಕಾಳಿನಿಂದ ಯಾರ ಹೊಟ್ಟೆಯೂ ತುಂಬದು. ಆದರೆ ‘ಮನೆಯಲ್ಲಿ ನಿನ್ನ ಪಾಲು ಇನ್ನೂ ಇದೆ’ ಎಂಬ ಮಾತು ಅದರಲ್ಲಿತ್ತು.

ಕ್ರೈಸ್ತಧರ್ಮದಲ್ಲಿ ಉಪಕಾರಸ್ತುತಿಯೂ ಸ್ಮರಣೆಯೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಮರಣದ ಹಿಂದಿನ ರಾತ್ರಿ ಯೇಸುವು ಶಿಷ್ಯರೊಡನೆ ಊಟಕ್ಕೆ ಕುಳಿತು, ರೊಟ್ಟಿಯನ್ನು ತೆಗೆದುಕೊಂಡು ದೇವರಿಗೆ ಸ್ತೋತ್ರಮಾಡಿ, ಮುರಿದು ಹಂಚಿ, ತನ್ನ ನೆನಪಿಗಾಗಿ ಹೀಗೆಯೇ ಮಾಡಿರೆಂದನು. ಆ ಪೂಜೆಗೆ ಗ್ರೀಕ್ ಭಾಷೆಯಿಂದ ಬಂದ ‘ಯೂಕರಿಸ್ತ್’ ಎಂಬ ಹೆಸರಿಗೆ ಉಪಕಾರಸ್ತುತಿ ಎಂಬುದೇ ಅರ್ಥ. ಕೃತಜ್ಞತೆಯು ಬರಿಯ ಮನಸ್ಸಿನ ಭಾವವಲ್ಲ. ಕೈಯಿಂದ ಹಂಚುವ ಅನ್ನವೆಂಬುದೇ ಇದರ ತಾತ್ಪರ್ಯ.

ಸುಖದಲ್ಲಿ ಮಾತ್ರ ಸಲ್ಲಿಸುವ ಸ್ತುತಿಯೂ ಇದಲ್ಲ. ೧೭೮೪ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ೧೭೯೯ರಲ್ಲಿ ಆತನು ಮಡಿದ ಮೇಲೆ, ಬದುಕಿ ಉಳಿದವರಲ್ಲಿ ಅನೇಕರು ಊರಿಗೆ ಮರಳಿ ಹೊಸದಾಗಿ ಬಾಳು ಕಟ್ಟಿದರು. ಎಲ್ಲವನ್ನೂ ಕಳೆದುಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳು ತೆನೆಯನ್ನು ಹಣೆಗೊತ್ತಿಕೊಳ್ಳುವಾಗ ಅದರ ಬೆಲೆಯೇ ಬೇರೆ. ನವಂಬರ್ ೨ರಂದು ಅವರು ಮೃತರ ಸಮಾಧಿಗಳ ಮೇಲೆ ದೀಪವಿಡುವುದೂ ಅದೇ ಸ್ಮರಣೆಯ ಇನ್ನೊಂದು ಮುಖ.

ಲೂಕನ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆಯಿದೆ. ಹತ್ತು ಮಂದಿಯೂ ಗುಣಹೊಂದಿದರು. ಯೇಸುವಿಗೆ ವಂದಿಸಲು ಹಿಂದಿರುಗಿದವನು ಒಬ್ಬನೇ, ಅವನೂ ಪರಕೀಯನೆನಿಸಿದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ದುಷ್ಟರಾಗಿದ್ದರೆಂದು ನಮಗೆ ತೋರುವುದಿಲ್ಲ. ಮನೆ ಸೇರುವ ಅವಸರ ಅವರಿಗಿದ್ದಿರಬೇಕು. ಬೆಳಗಿನ ಲೋಕಲ್ ಗಾಡಿಗೆ ಓಡುವ ಗುಮಾಸ್ತನೂ, ನಡುರಾತ್ರಿ ಮೇಜು ಒರಸಿ ಮಲಗುವ ಮಾಣಿಯೂ ಈ ಅವಸರವನ್ನು ಬಲ್ಲರು. ನಗರವು ನಮ್ಮನ್ನು ಕೃತಘ್ನರನ್ನಾಗಿ ಮಾಡುವುದಿಲ್ಲ. ಹಿಂದಿರುಗಿ ನೋಡಲು ಸಮಯ ಕೊಡುವುದಿಲ್ಲ, ಅಷ್ಟೆ.

ಆ ಸಮಯವನ್ನು ನಾವೇ ಮಾಡಿಕೊಳ್ಳಬೇಕು. ಮೊದಲ ಸಂಬಳದ ದಿನ ಕೈಹಿಡಿದವರನ್ನು, ಮಲಗಲು ಚಾಪೆ ಕೊಟ್ಟವರನ್ನು, ಊರಿನಲ್ಲಿ ನಮ್ಮ ಹೆಸರಿನಲ್ಲಿ ಇನ್ನೂ ಒಂದು ಎಲೆ ಹಾಕುವ ತಾಯಂದಿರನ್ನು ನೆನೆಯೋಣ. ನೆನೆದುದನ್ನು ಅವರಿಗೆ ತಿಳಿಸೋಣ. ದೂರದಲ್ಲಿರುವವನಿಗೆ ಪಾಲು ಕಳುಹಿಸುವುದು ಮನೆಯವರ ಧರ್ಮವಾದರೆ, ಅದು ತಲಪಿತೆಂದು ಉತ್ತರ ಬರೆಯುವುದು ನಮ್ಮ ಧರ್ಮ.